ನ್ಯಾನೋ ಪುಡಿಯವರಿಗೆ, ಅಕ್ಕನ ಕುಶನ್ನಿನ ವಿಷಯವಾಗಿ

ಫೋಮ್ ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ತಂಪಾಗಿ ವಾಸವಾಗಿರುವ ನ್ಯಾನೋ ಜೇಡಿಮಣ್ಣಿನ ಪುಡಿಯವರಿಗೆ, ಅದೇ ಶೆಡ್ಡಿನಲ್ಲಿ ಬೆವರುತ್ತಿರುವ ಮಿಕ್ಸರ್ ಆಪರೇಟರ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ಒಂದು ಕೂದಲಿನ ದಪ್ಪದಲ್ಲಿ ತಾವು ಸಾವಿರಾರು ಮಂದಿ ಸಾಲಾಗಿ ನಿಲ್ಲಬಲ್ಲಿರಂತೆ. ಅಷ್ಟು ಚಿಕ್ಕವರ ಮೇಲೆ ಇಷ್ಟುದ್ದದ ದೂರು ಬರೆಯಲು ನನಗೂ ಸಂಕೋಚವೇ, ಆದರೆ ವಿಷಯ ನನ್ನ ಅಕ್ಕನದು.

ತಾವು ದಯಮಾಡಿಸುವ ಮುಂಚೆ ನಮ್ಮ ಫೋಮಿನ ಗುಳ್ಳೆಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಒಂದು ಸಾಸಿವೆಯಷ್ಟಿದ್ದರೆ ಪಕ್ಕದ್ದು ಬಟಾಣಿಯಷ್ಟಿರುತ್ತಿತ್ತು. ಲ್ಯಾಬಿನ ಮೇಡಂ ತಮ್ಮನ್ನು ಕರೆತಂದು, ಗುಳ್ಳೆ ಹುಟ್ಟುವಾಗ ಕಣವಿರುವ ಜಾಗವನ್ನೇ ಹುಡುಕುತ್ತದೆ, ಕಣಗಳು ಎಲ್ಲ ಕಡೆ ಹರಡಿಕೊಂಡಿದ್ದರೆ ಗುಳ್ಳೆಗಳೂ ಸಣ್ಣಗೆ, ಒಂದೇ ಅಳತೆಯಲ್ಲಿ ಏಳುತ್ತವೆ ಎಂದು ನನಗೆ ತಿಳಿಹೇಳಿದರು. ಒಂದು ಡ್ರಮ್ಮಿಗೆ ಒಂದು ಸೌಟು ಪುಡಿ, ನಲವತ್ತೈದು ನಿಮಿಷ ಕಲಸು, ಆಮೇಲೆ ಅಚ್ಚಿಗೆ ಸುರಿ ಎಂದು ಗೋಡೆಯ ಮೇಲೂ ಬರೆಸಿದರು.

ಗಾಲಿಕುರ್ಚಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವ ನನ್ನ ಅಕ್ಕನಿಗೆ ಸೊಂಟದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ. ಕೂತ ಜಾಗ ಏರುಪೇರಾದರೆ ಹುಣ್ಣಾಗುತ್ತದೆ, ಆದದ್ದು ಅವಳಿಗೆ ಗೊತ್ತೂ ಆಗುವುದಿಲ್ಲ. ಹಿಂದೊಮ್ಮೆ ಹಾಗಾಗಿ ಎರಡು ತಿಂಗಳು ಬೋರಲು ಮಲಗಿದ್ದಳು, ಅಂಗಡಿಗೆ ಬೀಗ. ತಮ್ಮ ಕೃಪೆಯಿಂದ ತಯಾರಾದ ಮೊದಲ ಕುಶನ್ ಮೇಲೆ ಅವಳು ಇಡೀ ವರ್ಷ ಒಂದು ಗೀರೂ ಇಲ್ಲದೆ ಕೂತಳು. ಆಗ ನಾನು ತಮ್ಮ ಡಬ್ಬಿಯನ್ನು ದಿನಾ ಒರೆಸಿಡುತ್ತಿದ್ದೆ, ನೆನಪಿರಬಹುದು.

ಎರಡನೇ ಕುಶನ್ ಮಾಡುವಾಗ, ಒಂದು ಸೌಟಿಗೇ ಇಷ್ಟು ಸುಖವಾದರೆ ಎರಡು ಸೌಟಿಗೆ ಎಷ್ಟಾಗಬೇಡ ಎಂದು ಲೆಕ್ಕ ಹಾಕಿದೆ. ಅಕ್ಕನ ಮೇಲಿನ ಪ್ರೀತಿಯಲ್ಲದೆ ಬೇರೇನಲ್ಲ. ದ್ರಾವಣ ಗಂಜಿಯಂತಾಗಿ ಮೋಟಾರು ನರಳತೊಡಗಿದ್ದರಿಂದ, ಹೇಗೂ ಕಣ್ಣಿಗೆ ಕಾಣದವರು, ಕರಗಿಹೋಗಿರುತ್ತೀರಿ ಎಂದುಕೊಂಡು ಹದಿನೈದು ನಿಮಿಷಕ್ಕೇ ಸ್ವಿಚ್ ಆರಿಸಿ ಚಹಾಕ್ಕೆ ಹೋದೆ. ತಾವು ಮಾಡಿದ್ದೇನು? ಬಂಧುಬಳಗವನ್ನೆಲ್ಲ ಸೇರಿಸಿಕೊಂಡು ಒಂದೇ ಮೂಲೆಯಲ್ಲಿ ಗಂಟು ಕಟ್ಟಿ ಕೂತಿರಿ. ತಮ್ಮ ಕುಟುಂಬ ಪ್ರೇಮವನ್ನು ಎಷ್ಟು ಹೊಗಳಿದರೂ ಸಾಲದು.

ನಾಲ್ಕನೇ ದಿನ ಅಕ್ಕನ ಎಡತೊಡೆಯ ಹಿಂದೆ ಕೆಂಪಗಾಗಿದ್ದನ್ನು ಅಮ್ಮ ನೋಡಿದಳು. ಕುಶನ್ ಕೊಯ್ದರೆ ಹೆಬ್ಬೆರಳು ತೂರುವಷ್ಟು ತೂತು, ಅದರ ಅಂಚಿನಲ್ಲಿ ತಾವು ಬಿಳಿ ಉಂಡೆಯಾಗಿ ವಿರಾಜಮಾನರು. ಇನ್ನೆರಡು ದಿನ ಕಳೆದಿದ್ದರೆ ಚರ್ಮ ಬಿರಿಯುತ್ತಿತ್ತು ಎಂದು ಡಾಕ್ಟರು ಹೇಳಿದರು.

ಆದ್ದರಿಂದ ನನ್ನ ವಿನಂತಿಗಳನ್ನು ಪರಿಶೀಲಿಸಬೇಕು. ತಾವು ಇನ್ನು ಮುಂದೆ ನನ್ನ ಕಣ್ಣಿಗೆ ಕಾಣುವಂತೆ ಕನಿಷ್ಠ ರಾಗಿ ಕಾಳಿನ ಗಾತ್ರಕ್ಕೆ ಬೆಳೆಯಬೇಕು, ಆದರೆ ಗುಳ್ಳೆಗಳಿಗೆ ಅದು ತಿಳಿಯಬಾರದು. ಡ್ರಮ್ಮಿಗೆ ಇಳಿದೊಡನೆ ಹಾಜರಾತಿ ಪುಸ್ತಕದಲ್ಲಿ ಒಬ್ಬೊಬ್ಬರಾಗಿ ಸಹಿ ಹಾಕಿ, ತಂತಮ್ಮ ಜಾಗಕ್ಕೆ ತಾವೇ ನಡೆದುಹೋಗಬೇಕು. ಹೆಚ್ಚಾದವರು ಮರ್ಯಾದೆಯಿಂದ ಡಬ್ಬಿಗೆ ಮರಳಬೇಕು. ಆಪರೇಟರ್ ಚಹಾಕ್ಕೆ ಹೋದಾಗ ಕಲಸುವ ಕೆಲಸವನ್ನೂ ತಾವೇ ನೋಡಿಕೊಂಡರೆ ಉಪಕಾರ.

ಈ ಪತ್ರವನ್ನು ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವಳು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಅಂದಳು: "ಪುಡಿದೇನೋ ತಪ್ಪು? ನೀನು ಬಿಟ್ಟ ಕಡೆ ಕೂತಿತ್ತು. ನಾನೂ ಅಷ್ಟೇ ತಾನೆ, ನೀನು ಕೊಟ್ಟಿದ್ದರ ಮೇಲೆ ಕೂತೆ."

ಆ ಮಾತಿಗೆ ತಾವು ಏನಾದರೂ ಉತ್ತರ ಕೊಟ್ಟರೆ ಚೆನ್ನಾಗಿತ್ತು. ಮೂರನೇ ಕುಶನ್ನಿಗೆ ಒಂದೇ ಸೌಟು ಹಾಕಿದ್ದೇನೆ, ಚಹಾ ಆರಿಹೋದರೂ ಡ್ರಮ್ಮಿನ ಪಕ್ಕದಲ್ಲೇ ನಿಂತಿದ್ದೇನೆ.

ಇಂತಿ, ತಮ್ಮನ್ನು ಇಂದಿಗೂ ಒಬ್ಬೊಬ್ಬರಾಗಿ ಕಣ್ಣಾರೆ ಕಾಣದ,
ತಮ್ಮ ವಿಶ್ವಾಸಿ,
ಮಿಕ್ಸರ್ ಆಪರೇಟರ್

ಮರೆತ ಮಾತು: ಅಕ್ಕ ತನ್ನ ಅಂಗಡಿಯಿಂದ ಒಂದು ಅಲಾರಂ ಗಡಿಯಾರ ಕಳಿಸಿದ್ದಾಳೆ. ಅದನ್ನು ಮಿಕ್ಸರಿಗೆ ಕಟ್ಟಿದ್ದೇವೆ, ಸರಿಯಾಗಿ ನಲವತ್ತೈದು ನಿಮಿಷಕ್ಕೆ ಬಡಿದುಕೊಳ್ಳುತ್ತದೆ. ಅದು ತಮ್ಮ ಮೇಲೆ ನಿಗಾ ಇಡಲು ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯಾರಾದರೂ ಕೇಳಿದರೆ ದಯವಿಟ್ಟು ಹೌದು ಅನ್ನಿ.