ಕುದುರೆಯ ಬಾಲದ ಒತ್ತುವರಿ

ನನ್ನ ಸೋದರಮಾವನನ್ನು ಯುದ್ಧದಲ್ಲಿ ಸೋಲಿಸುವುದು ಕಷ್ಟವೇನಲ್ಲ. ಯುದ್ಧ ಶುರುವಾಗುವುದೇ ಕಷ್ಟ!

ಗಾಬರಿಯಾಗಬೇಡಿ. ಯುದ್ಧ ನಡೆಯುವುದು ಕೂಡ್ಲಿಗಿಯಲ್ಲಿ, ಅವರ ಊಟದ ಮೇಜಿನ ಮೇಲೆ. ಹೆಬ್ಬೆರಳಿನಷ್ಟು ಗೊಂಬೆ ಸೈನಿಕರನ್ನು ತುಕಡಿ ತುಕಡಿಯಾಗಿ ನಿಲ್ಲಿಸಿ, ದಾಳ ಉರುಳಿಸಿ ಆಡುವ ಆಟ. ತರಿಸಿದ್ದು ನಾನೇ, ತಪ್ಪು ನನ್ನದೇ. ಭಾನುವಾರ ಬಂತೆಂದರೆ ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹತ್ತುತ್ತೇನೆ. ಮಾವ ಸರ್ವೇ ಇಲಾಖೆಯಿಂದ ನಿವೃತ್ತರು. ಆಯುಷ್ಯವೆಲ್ಲ ಮಂದಿಯ ಹೊಲ ಅಳೆದವರ ಕೈಗೆ ‘ತುಕಡಿಯನ್ನು ನಿಮ್ಮ ಅಂಚಿನಿಂದ ಹನ್ನೆರಡು ಇಂಚಿನೊಳಗೆ ನಿಲ್ಲಿಸತಕ್ಕದ್ದು’ ಎಂಬ ನಿಯಮ ಕೊಟ್ಟರೆ ಏನಾದೀತು?

ಮೊದಲ ವಾರ ಆಟವೇ ಆಗಲಿಲ್ಲ. ನೋಟೀಸು ಕೊಡದೆ ಅಳತೆ ಮಾಡುವಂತಿಲ್ಲವಂತೆ! ಎರಡನೇ ವಾರ ಚಕ್ಕುಬಂದಿ ಬರೆದರು: ಪೂರ್ವಕ್ಕೆ ಉಪ್ಪಿನಕಾಯಿ ಭರಣಿ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ಅಳಿಯ, ದಕ್ಷಿಣಕ್ಕೆ ಖುದ್ದು. ಸಾಕ್ಷಿಯ ಸಹಿಗೆ ಅತ್ತೆಯನ್ನು ಕೂಗಿದರು.

“ರೊಟ್ಟಿ ಬಡಿಯಾಕ ಹತ್ತೀನ್ರಿ, ಕೈಯೆಲ್ಲ ಹಿಟ್ಟು. ಹೆಬ್ಬೆಟ್ಟು ಒತ್ತಲೇನು?” ಎಂದರು ಅತ್ತೆ, ಚೇಷ್ಟೆಗೆ.

ಮಾವ ಕಾಗದ ಹಿಡಿದುಕೊಂಡು ಅಡುಗೆಮನೆಗೇ ಹೋದರು. ಒತ್ತಿಸಿಕೊಂಡೂ ಬಂದರು!

ಮೂರನೇ ವಾರ ನನ್ನ ಕುದುರೆಯೊಂದರ ಬಾಲ ಹನ್ನೆರಡು ಇಂಚಿನ ಗೆರೆ ದಾಟಿತ್ತು.

“ಒತ್ತುವರಿ!” ಎಂದು ಕೂಗಿದರು ಮಾವ.

“ಬರೇ ಬಾಲ ಐತಿ ಮಾವ.”

“ಬಾಲ ಯಾರ್ದಲೇ? ಕುದುರಿದು. ಕುದುರಿ ಯಾರ್ದು? ನಿಂದು. ತಗಿ ಹಿಂದಕ್ಕ.”

ಸರಿ, ತೆಗೆದೆ. ಆದರೆ ಅವರ ಸೇನಾಪತಿಯ ಈಟಿ ಎರಡು ಬೆರಳು ನನ್ನ ಕಡೆಗೆ ಚಾಚಿತ್ತಲ್ಲ, ಅದು?

“ಅದು ನೆಲ ಮುಟ್ಟೇತೇನು? ನಾವು ಅಳಿಯೋದು ನೆಲ. ಗಾಳಿ ಅಳಿಯಾಕ ಬ್ಯಾರೆ ಇಲಾಖೆ ಐತಿ!”

ಹೀಗೆ ನಡೆದಿತ್ತು. ಹೋದ ವರ್ಷದಿಂದ ಮಾವನ ಕೈ ನಡುಗತೊಡಗಿತು. ಗುಳಿಗೆ ನುಂಗುತ್ತಾರೆ. ಪೂರ್ತಿ ವಾಸಿಯಾಗುವುದಲ್ಲ ಎಂದು ವೈದ್ಯರು ಹೇಳಿದ್ದಾರೆ. ಒಂದು ಗೊಂಬೆ ನಿಲ್ಲಿಸಲು ಹೋದರೆ ನಾಲ್ಕು ಉರುಳುತ್ತವೆ. ಆ ಬಾಲದ ಜಗಳವಾದ ಮೇಲೆ, ಇಟ್ಟದ್ದನ್ನು ಕದಲಿಸುವಂತಿಲ್ಲ ಎಂಬ ನಿಯಮವನ್ನು ನನ್ನ ಮೇಲೆ ಹೇರಿದ ಪುಣ್ಯಾತ್ಮ, ತನ್ನ ಪಾಲಿಗೂ ಅದನ್ನು ಸಡಿಲಿಸಲಿಲ್ಲ. ಉರುಳಿ ಗೆರೆ ದಾಟಿದವರನ್ನೆಲ್ಲ ಲೆಕ್ಕದಿಂದ ತೆಗೆದು ಪಕ್ಕಕ್ಕಿಡುತ್ತಿದ್ದರು. ನಾನು ಎತ್ತಿ ನಿಲ್ಲಿಸಲು ಹೋದರೆ, “ಕೈ ತಗಿ!” ಎಂದು ಗದರುತ್ತಿದ್ದರು.

ಒಂದು ಭಾನುವಾರ ಇಡೀ ತುಕಡಿ ಉರುಳಿತು. ಮಾವ ಗೊಂಬೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು.

“ಸಾಕು ಬಿಡಲೇ. ನೀ ಬ್ಯಾರೆ ಯಾರ ಜತಿಗರ ಆಡು.”

ಸುಮ್ಮನೆ ನಿಯಮದ ಪುಸ್ತಕ ತಿರುವಿದೆ. ಏನಾದರೂ ಮಾತು ಬೇಕಿತ್ತಲ್ಲ.

“ಮಾವ, ಸರ್ವೇಕ್ಕ ಹೋದಾಗ ಗಡಿಕಲ್ಲು ನೀವ ನೆಡ್ತಿದ್ರೇನು?”

“ನಾ ಯಾಕ ನೆಡ್ಲಿ? ಜಾಗ ತೋರಸ್ತಿದ್ದೆ. ಆಳು ನೆಡ್ತಿದ್ದ.”

“ಮತ್ತ? ಇಲ್ಲೂ ಜಾಗ ತೋರಸ್ರಿ. ಯಾರ ಕೈಲೆ ಇಡಬೇಕಂತ ಪುಸ್ತಕದಾಗ ಬರದಿಲ್ಲ.”

ಮಾವ ಕನ್ನಡಕ ಏರಿಸಿ ಆ ಪುಟವನ್ನು ಎರಡು ಸಲ ಓದಿದರು.

“ಆಳು ಎದುರು ಪಾರ್ಟಿಯವ ಆದ್ರ?”

“ಅದನ್ನೂ ಬರದಿಲ್ಲ.”

ಮಾವ ಡಬ್ಬಿಯನ್ನು ಮತ್ತೆ ಮೇಜಿನ ಮೇಲೆ ಸುರಿದರು. ನಡುಗುವ ಬೆರಳಿನಿಂದ ಜಾಗ ತೋರಿಸಿದರು. ಎಲ್ಲಿ ಅಂತೀರಿ? ನನ್ನ ಸೈನ್ಯ ತೀರಾ ಬಡಕಲಾಗಿದ್ದ ಕಡೆ, ನೆಟ್ಟಗೆ ಅದರ ಎದುರಿಗೇ! ಅವರ ಕುದುರೆಗಳನ್ನು ಒಂದು ಕೂದಲೆಳೆಯೂ ಆಚೀಚೆಯಾಗದಂತೆ ನಾನೇ ಅಲ್ಲಿ ನಿಲ್ಲಿಸಿದೆ. ರೊಟ್ಟಿ ಆರುವುದರೊಳಗೆ ನನ್ನ ಸೈನ್ಯ ಧೂಳೀಪಟ. ಸೋತು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಹೊರಡುವಾಗ ಮಾವ ಬಾಗಿಲ ತನಕ ಬಂದರು. ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮುಂದಿನ ಐತವಾರ ಲಗೂನ ಬಾರಲೇ. ನಂದೂ ನೀನ ನಿಂದ್ರಸಬೇಕಲ್ಲ, ಹೊತ್ತು ಹಿಡೀತೈತಿ.”