ಊಟಕ್ಕೊಂದು ಸ್ಥಳ ತನಿಖೆ

ನಮ್ಮಂಥ ಊರಿನಲ್ಲಿ ಕಾರಿಲ್ಲದ ಮನುಷ್ಯ ಒಳ್ಳೆಯ ಹೋಟೆಲಿನ ಆಸೆ ಇಟ್ಟುಕೊಳ್ಳಬಾರದು. ಇದನ್ನು ಕೋಪದಿಂದ ಹೇಳೋಣವೆಂದರೆ ಕೋಪಕ್ಕೂ ಸ್ವಲ್ಪ ತ್ರಾಣ ಬೇಕು. ಬಸ್ಸುಗಳಲ್ಲಿ ನಿಂತು ನಿಂತು ಅದು ನನ್ನಲ್ಲಿ ಉಳಿದಿಲ್ಲ. ನಾನು ಚಿಕ್ಕವನಾಗಿದ್ದಾಗ ಒಳ್ಳೆಯ ಹೋಟೆಲುಗಳೆಲ್ಲ ಬಸ್ ಸ್ಟ್ಯಾಂಡಿನ ಎದುರಿಗೇ ಇರುತ್ತಿದ್ದವು. ಹಸಿದವರು ಬಸ್ಸಿನಿಂದ ಇಳಿಯುತ್ತಾರೆ ಎಂಬುದು ಆಗಿನ ಹೋಟೆಲಿನವರ ನಂಬಿಕೆ. ಈಗ ಹಸಿದವರೆಲ್ಲ ಕಾರಿನಿಂದಲೇ ಇಳಿಯುತ್ತಾರೆಂದು ತೀರ್ಮಾನವಾದ ಹಾಗಿದೆ. ಹೋಟೆಲುಗಳು ಊರನ್ನು ಬಿಟ್ಟು ಹೈವೇ ಪಕ್ಕಕ್ಕೆ ಹೋಗಿ, ಮುಂದೆ ಎರಡು ಎಕರೆ ಜಾಗ ಬಿಟ್ಟುಕೊಂಡು, ದೀಪದ ಸರ ಹಾಕಿಕೊಂಡು ಕೂತಿವೆ. ನಂಜನಗೂಡಿನೊಳಗೆ ನಮಗೆ ಉಳಿದಿರುವುದು ನಿಂತು ತಿನ್ನುವ ಹೋಟೆಲುಗಳು, ಬೇಕರಿಗಳು, ಮತ್ತು ಗಂಡಸರು ತಲೆ ಬಗ್ಗಿಸಿಕೊಂಡು ಹೋಗಿ ಬಾಯಿ ಒರೆಸಿಕೊಂಡು ಹೊರಬರುವ ಮಟನ್ ಹೋಟೆಲುಗಳು.

ನನಗೆ ಕಾರು ಯಾಕಿಲ್ಲ ಎಂದು ನೀವು ಕೇಳಬಹುದು. ಕಲಿಯಲು ಹೋಗಿದ್ದೆ. ಹನ್ನೊಂದನೆಯ ದಿನ ಡ್ರೈವಿಂಗ್ ಶಾಲೆಯ ಮೇಷ್ಟ್ರು ಕಾರನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಲು ಹೇಳಿ, ಬಹಳ ಮರ್ಯಾದೆಯಿಂದ, "ಸಾ, ನಿಮ್ಮ ಮನೆ ಹತ್ರ ಬಸ್ ಸೌಕರ್ಯ ಹೆಂಗೈತೆ?" ಎಂದು ವಿಚಾರಿಸಿದರು. ಚೆನ್ನಾಗಿದೆ ಎಂದೆ. "ಹಂಗಾದ್ರೆ ಸರಿ" ಎಂದರು. ನಾನು ಹನ್ನೆರಡನೆಯ ದಿನ ಹೋಗಲಿಲ್ಲ.

ಸ್ಕೂಟರ್ ಇತ್ತು. ಈಗಲೂ ಇದೆ, ಆದರೆ ಅದರ ಹಿಂದಿನ ಸೀಟು ಖಾಲಿ. ನನ್ನ ಹೆಂಡತಿ ನಾಗರತ್ನಳನ್ನು ಹಿಂದೆ ಕೂರಿಸಿಕೊಂಡು ಸಂತೆಯಿಂದ ಬರುತ್ತಿದ್ದಾಗ, ಹಿಂದಿನ ವಾರ ಇಲ್ಲದಿದ್ದ ಒಂದು ಹಂಪು ಆ ವಾರ ರಸ್ತೆಯಲ್ಲಿ ಹುಟ್ಟಿಕೊಂಡಿತ್ತು. ನಾನು, ಸ್ಕೂಟರ್, ಮುಂದೆ ಇಟ್ಟುಕೊಂಡಿದ್ದ ಕುಂಬಳಕಾಯಿ, ಮೂವರೂ ಕ್ಷೇಮವಾಗಿ ಹಂಪು ದಾಟಿದೆವು. ನಾಗರತ್ನ ದಾಟಲಿಲ್ಲ. ಹೆಚ್ಚು ಬೇಸರದ ಸಂಗತಿಯೆಂದರೆ, ಅವಳು ಬಿದ್ದದ್ದು ನನಗೆ ಗೊತ್ತಾದದ್ದು ಇಪ್ಪತ್ತು ಮಾರು ಮುಂದೆ ಹೋದ ಮೇಲೆ, ಅದೂ ಸೊಪ್ಪು ಮಾರುವ ಹೆಂಗಸೊಬ್ಬಳು "ಯಜಮಾನ್ರೇ, ಎಂಡ್ರ್ ಬಿಟ್ಬುಟ್ಟು ಓಯ್ತಾ ಇದ್ದೀರಲ್ಲಾ!" ಎಂದು ಕೂಗಿದಾಗ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಆಮೇಲೆ ಅದನ್ನು ಎಂಟು ಮಾಡಿದರು.

ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ನಾವಿಬ್ಬರೇ. ಹಾಗಾಗಿ ಅಡಿಗೆ ನನ್ನ ಪಾಲಿಗೆ ಬಂತು. ನಾನು ತಾಲ್ಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಗುಮಾಸ್ತ. ಒಂದು ಕಾಗದ ಬಂದರೆ ಅದರ ಹಿಂದಿನ ಕಾಗದ ನೋಡಿ ಅದೇ ರೀತಿ ಬರೆಯುವುದು ನನ್ನ ಕೆಲಸ. ಸಾರನ್ನೂ ಹಾಗೆಯೇ ಮಾಡಿದೆ. ಸೋಮವಾರದ ಸಾರಿನ ನಕಲು ಮಂಗಳವಾರ, ಅದರ ನಕಲು ಬುಧವಾರ. ಪ್ರತಿ ನಕಲಿನಲ್ಲೂ ಅಕ್ಷರ ಸ್ವಲ್ಪ ತೆಳ್ಳಗಾಗುತ್ತಾ ಹೋಯಿತು. ನಾಗರತ್ನ ತಟ್ಟೆಯ ಮುಂದೆ ಕೂತು, ಸಾರಿನ ತಳದಲ್ಲಿ ಕಾಣುತ್ತಿದ್ದ ತಟ್ಟೆಯ ಹೂವಿನ ಚಿತ್ರವನ್ನು ನೋಡುತ್ತಾ ಉಣ್ಣುತ್ತಿದ್ದಳು. ಎರಡನೆಯ ವಾರ ಮಾತ್ರ ಒಂದು ಸಂಜೆ ಹೇಳಿದಳು:

"ರೀ, ಒಂದು ದಿನ ಹೊರಗೆ ಊಟ ಮಾಡ್ಬೇಕು ಕಣ್ರೀ. ಜಾಸ್ತಿ ಏನೂ ಬೇಡ. ಬೆನ್ನಿಗೆ ಒರಗೋಕೆ ಕುರ್ಚಿ ಇರ್ಲಿ. ಯಾರಾದ್ರೂ ಬಡಿಸಿ, ಇನ್ನೊಂಚೂರು ಹಾಕ್ಲಾ ಅಂತ ಕೇಳ್ಬೇಕು. ಮದುವೆಯಾಗಿ ಇಪ್ಪತ್ಮೂರು ವರ್ಷ ಆಯ್ತು, ಆ ಮಾತನ್ನ ನಾನೇ ಕೇಳ್ಕೊಂಡು ಬಂದಿದ್ದೀನಿ. ನನ್ನನ್ನ ಯಾರೂ ಕೇಳಿಲ್ಲ."

ಮನೆಗೇ ತರಿಸೋಣವೇ ಎಂದೆ. "ಡಬ್ಬಿ ಬಂದು ಇನ್ನೊಂಚೂರು ಬೇಕಾ ಅಂತ ಕೇಳತ್ತಾ?" ಎಂದಳು. ಸುತ್ತೂರು ಮಠಕ್ಕೆ ಹೋಗಿ ಪ್ರಸಾದ ಮಾಡಿಕೊಂಡು ಬರೋಣವೇ ಎಂದೆ. "ಪ್ರಸಾದ ಪ್ರಸಾದವೇ, ಹೋಟ್ಲು ಹೋಟ್ಲೇ" ಎಂದಳು. ಸ್ಕೂಟರ್ ಎಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿ ಮುಚ್ಚಿದೆ.

ಆ ಭಾನುವಾರ ಮೈಸೂರು ಬಸ್ಸು ಹತ್ತಿದೆವು. ತಾಂಡವಪುರದ ಆಚೆ ಹೈವೇ ಪಕ್ಕದಲ್ಲಿ ಒಂದು ಹೊಸ ಹೋಟೆಲು ಆಗಿದೆಯೆಂದೂ, ಅಲ್ಲಿ ಊಟ ಚೆನ್ನಾಗಿದೆಯೆಂದೂ ನಮ್ಮ ಕಚೇರಿಯಲ್ಲಿ ಕಾರಿರುವವರೆಲ್ಲ ಹೇಳಿದ್ದರು. ಕಂಡಕ್ಟರ್ ಪ್ಲಾಸ್ಟರ್ ನೋಡಿ ಸೀಟು ಕೊಡಿಸಿದ, ಆದರೆ ಹೋಟೆಲಿನ ಮುಂದೆ ನಿಲ್ಲಿಸಲು ಒಪ್ಪಲಿಲ್ಲ. "ಅಲ್ಲಿ ಸ್ಟಾಪಿಲ್ಲ ಸಾ. ತಾಂಡವಪುರದಲ್ಲಿ ಇಳ್ಕಂಡು ಹಂಗೇ ನಡ್ಕೊಂಡೋಗಿ, ಹತ್ರಾನೇ." ಕಂಡಕ್ಟರುಗಳ ಹತ್ತಿರ ಎಂಬುದು ಬಸ್ಸಿನ ಕಿಟಕಿಯಿಂದ ಕಂಡ ಹತ್ತಿರ. ಲಾರಿಗಳು ನಮ್ಮ ಕಿವಿಯ ಪಕ್ಕದಲ್ಲೇ ಹಾರನ್ ಹೊಡೆಯುತ್ತಾ ಹೋಗುತ್ತಿರಲು, ಮಧ್ಯಾಹ್ನದ ಬಿಸಿಲಿನಲ್ಲಿ, ಅವಳು ಸೆರಗನ್ನು ತಲೆಗೆ ಹೊದ್ದು, ನಾನು ಅವಳ ಪ್ಲಾಸ್ಟರಿನ ಮೇಲೆ ಕೊಡೆ ಹಿಡಿದು ನಡೆದೆವು.

ಗೇಟಿನಲ್ಲಿ ಸೀಟಿ ಹಿಡಿದುಕೊಂಡಿದ್ದ ವಾಚ್‌ಮನ್ ನಮ್ಮನ್ನು ನೋಡಿದ. ಆಮೇಲೆ ನಮ್ಮ ಹಿಂದೆ ನೋಡಿದ. "ಗಾಡಿ ಎಲ್ಲಾಕಿದ್ದೀರಾ ಸಾ?"

"ಗಾಡಿ ಇಲ್ಲಪ್ಪ."

"ಡ್ರೈವರ್ ಆಮೇಲೆ ಬತ್ತಾನಾ?"

"ಬಸ್ಸಿನಲ್ಲಿ ಬಂದ್ವಿ."

"ಬಸ್ಸಾ!" ಎಂದ. ಎತ್ತಿನ ಗಾಡಿ ಎಂದಿದ್ದರೆ ಖುಷಿಪಡುತ್ತಿದ್ದನೇನೋ, ಈಗ ಹೈವೇ ಹೋಟೆಲುಗಳಲ್ಲಿ ಅದನ್ನು ಅಲಂಕಾರಕ್ಕೆ ನಿಲ್ಲಿಸಿರುತ್ತಾರೆ.

ಒಳಗೆ ಬಾಗಿಲಿನ ಬಳಿ ಒಬ್ಬ ಹುಡುಗಿ ಪಟ್ಟಿ ಬರೆದುಕೊಳ್ಳುತ್ತಿದ್ದಳು. ಹೆಸರು, ಎಷ್ಟು ಜನ, ಗಾಡಿ ನಂಬರ್. ಗಾಡಿ ನಂಬರ್ ಯಾಕಮ್ಮ ಎಂದು ಕೇಳಿದೆ. "ಟೇಬಲ್ ಖಾಲಿ ಆದಾಗ ಮೈಕಲ್ಲಿ ಗಾಡಿ ನಂಬರ್ ಕರೀತೀವಿ ಸರ್. ಎಲ್ಲರೂ ಎಸಿ ಹಾಕ್ಕೊಂಡು ಗಾಡೀಲೇ ಕೂತಿರ್ತಾರೆ." ನಮ್ಮದು ಬಸ್ಸು ಎಂದಾಗ ಅವಳು ಸ್ವಲ್ಪ ಯೋಚಿಸಿ, ನಮ್ಮ ಹೆಸರಿನ ಮುಂದೆ ಒಂದು ಗೀಟು ಎಳೆದಳು. ಕಾರು ನಿಲ್ಲಿಸುವ ಜಾಗದಲ್ಲಿ ಕೂರಲು ಕುರ್ಚಿಗಳಿರಲಿಲ್ಲ. ಕಾರಿದ್ದವರಿಗೆ ಕುರ್ಚಿ ಯಾಕೆ? ಕ್ರೋಟನ್ ಗಿಡದ ಕಟ್ಟೆಯ ಮೇಲೆ ಕೂತೆವು. ಮೈಕಿನಲ್ಲಿ ಕೆಎ ಸೊನ್ನೆ ಒಂಬತ್ತು, ಕೆಎ ಐವತ್ತೈದು, ಕೆಎಲ್ಲು, ಟಿಎನ್ನು, ಎಲ್ಲ ಕರೆದರು. ಗೀಟನ್ನು ಕರೆಯಲಿಲ್ಲ. ಒಂದು ಗಂಟೆಯ ಮೇಲೆ ಹೋಗಿ ವಿಚಾರಿಸಿದೆ. "ಅಯ್ಯೋ ಸಾರಿ ಸರ್, ಗೀಟು ಅಂದ್ರೆ ಕ್ಯಾನ್ಸಲ್ ಅಂದ್ಕೊಂಡಿದ್ದಾರೆ ಒಳಗೆ. ಮತ್ತೆ ಕೊನೇಲಿ ಸೇರಿಸ್ಲಾ?"

ಹಿಂತಿರುಗಿ ನೋಡಿದರೆ ನಾಗರತ್ನ ಎದ್ದು ನಿಂತಿದ್ದಳು. ಅಷ್ಟು ಹೊತ್ತು ಕೈ ಜೋತುಬಿದ್ದು ಬೆರಳುಗಳು ಊದಿಕೊಂಡಿದ್ದವು. "ನಡೀರಿ ಮನೆಗೆ" ಎಂದಳು. ಅಂದು ಮಧ್ಯಾಹ್ನ ನಾವು ನಂಜನಗೂಡಿನ ಬೇಕರಿಯೊಂದರ ಮುಂದೆ ನಿಂತುಕೊಂಡು ಎರಡೆರಡು ಬನ್ನು ತಿಂದೆವು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ನಾನು ನಿರ್ಧಾರ ಮಾಡಿದೆ. ಸ್ಥಳ ತನಿಖೆಯಿಲ್ಲದೆ ಇನ್ನು ಇವಳನ್ನು ಎಲ್ಲಿಗೂ ಕರೆದುಕೊಂಡು ಹೋಗಬಾರದು. ಮುಂಚೆಯೇ ನಾನೊಬ್ಬನೇ ಹೋಗಿ, ಬಸ್ ನಿಲ್ದಾಣದಿಂದ ಎಷ್ಟು ದೂರ, ಮೆಟ್ಟಿಲುಗಳೆಷ್ಟು, ಕುರ್ಚಿಗೆ ಬೆನ್ನಿದೆಯೇ, ಹೆಂಗಸರು ಕೂರುತ್ತಾರೆಯೇ, ಎಲ್ಲವನ್ನೂ ನೋಡಿಕೊಂಡು ಬರಬೇಕು. ನಾಗರತ್ನಳೂ ಒಪ್ಪಿದಳು. "ಹೊರಗಿಂದ ನೋಡ್ಕೊಂಡು ಬಂದ್ರೂ ಸಾಕು" ಎಂದಳು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು.

ಮೊದಲ ತನಿಖೆ ನಮ್ಮೂರಿನದೇ ಒಂದು ಮಟನ್ ಹೋಟೆಲು. ಫ್ಯಾಮಿಲಿ ರೂಮು ಮಹಡಿಯ ಮೇಲೆ, ಹತ್ತಲು ಕಬ್ಬಿಣದ ಸುರುಳಿ ಮೆಟ್ಟಿಲು. ಎರಡೂ ಕೈ ಇದ್ದವನಿಗೇ ಕಷ್ಟ. ಅಲ್ಲಿಗೆ ತನಿಖೆ ಮುಗಿಯಿತು. ಆದರೆ ಅಷ್ಟರಲ್ಲಿ ಮಾಣಿ ನನ್ನ ಮುಂದೆ ಎಲೆ ಹಾಕಿಬಿಟ್ಟಿದ್ದ. ಹಾಕಿದ ಎಲೆಯ ಮುಂದಿನಿಂದ ಏಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಉಂಡೆ.

ಮುಂದಿನ ಭಾನುವಾರ ತಿ. ನರಸೀಪುರಕ್ಕೆ ಹೋದೆ. ಅಲ್ಲಿ ಬಸ್ ನಿಲ್ದಾಣದಿಂದ ಸಂಗಮದ ಕಡೆ ಐದು ನಿಮಿಷ ನಡೆದರೆ, ದೇವೀರಮ್ಮ ಎನ್ನುವವರು ನಡೆಸುವ ಮೀನಿನ ಊಟದ ಮೆಸ್ಸೊಂದಿದೆ. ಹಂಚಿನ ಮನೆಯ ಮುಂಭಾಗ, ಆರೇ ಟೇಬಲ್ಲು. ಮೆಟ್ಟಿಲಿಲ್ಲ. ಕುರ್ಚಿಗಳಿಗೆ ಬೆನ್ನಿದೆ. ಒಂದು ಟೇಬಲ್ಲಿನಲ್ಲಿ ಇಬ್ಬರು ಟೀಚರಮ್ಮಂದಿರು ಮಾತಾಡುತ್ತಾ ಉಣ್ಣುತ್ತಿದ್ದರು. ದೇವೀರಮ್ಮನೇ ಬಡಿಸುತ್ತಿದ್ದರು, ಪ್ರತಿಯೊಬ್ಬರನ್ನೂ "ಇನ್ನೊಂಚೂರ್ ಬುಡ್ಲಾ?" ಎಂದು ಕೇಳುತ್ತಿದ್ದರು. ಎಲ್ಲ ಷರತ್ತೂ ಪೂರೈಸಿದ್ದವು. ವರದಿ ಅಂದೇ ಸಲ್ಲಿಸಬಹುದಾಗಿತ್ತು.

ಸಲ್ಲಿಸಲಿಲ್ಲ. ಆ ಮೀನಿನ ಸಾರನ್ನು ನಾನು ಹೇಗೆ ಹೇಳಲಿ? ಹುಣಸೆ ಹುಳಿ ನಾಲಿಗೆಗೆ ಮುಟ್ಟಿ, ಆಮೇಲೆ ಖಾರ ನಿಧಾನವಾಗಿ ಕಿವಿಯ ಹಿಂದಕ್ಕೆ ಏರಿ, ಅಷ್ಟರಲ್ಲಿ ಬಿಸಿ ಮುದ್ದೆ ಗಂಟಲಿನಲ್ಲಿ ಇಳಿಯುವುದು. ಒಂದು ತಿಂಗಳು ನನ್ನ ಸಾರನ್ನೇ ಉಂಡವನಿಗೆ ಕಣ್ಣಲ್ಲಿ ನೀರು ಬಂತು. ಒಂದು ಸಲದ ರುಚಿಯನ್ನು ನಂಬುವುದು ಹೇಗೆ, ಇನ್ನೊಂದು ಸಲ ಪರಿಶೀಲಿಸುವುದು ಒಳ್ಳೆಯದು ಎಂದು ನನಗೆ ನಾನೇ ಟಿಪ್ಪಣಿ ಬರೆದುಕೊಂಡೆ. ಹೀಗೆ ಮೂರು ಭಾನುವಾರ ಪರಿಶೀಲಿಸಿದೆ. ಎರಡನೆಯ ವಾರ ದೇವೀರಮ್ಮ, "ಒಬ್ರೇ ಬತ್ತೀರಲ್ಲ ಸಾ, ಮನೇವ್ರು?" ಎಂದು ಕೇಳಿದರು. ನಿಜ ಹೇಳಲು ನಾಚಿಕೆಯಾಗಿ, "ಹುಷಾರಿಲ್ಲ, ಬರೀ ಗಂಜಿ ಕುಡೀತಿದ್ದಾಳೆ" ಎಂದುಬಿಟ್ಟೆ. ಆ ತಾಯಿ ಮರುಗಿ ನನ್ನ ಎಲೆಗೆ ಇನ್ನೊಂದು ತುಂಡು ಹಾಕಿದರು. ಅದನ್ನೂ ತಿಂದೆ.

ಶಿಕ್ಷೆ ಆಗಲಿಲ್ಲವೆಂದು ತಿಳಿಯಬೇಡಿ. ಮನೆಗೆ ಬಂದರೆ ನಾಗರತ್ನ ಉಣ್ಣದೆ ಕಾದಿರುತ್ತಿದ್ದಳು. "ಬಿಸಿಲಲ್ಲಿ ಅಲೆದು ಬಂದಿದ್ದೀರಿ, ಹಸಿವಾಗಿರತ್ತೆ, ಬನ್ನಿ" ಎನ್ನುತ್ತಿದ್ದಳು. ಬೆಳಿಗ್ಗೆ ನಾನೇ ಮಾಡಿಟ್ಟು ಹೋದ ಸಾರು. ಸಿಕ್ಕಿತಾ ಎಂದು ಕೇಳುತ್ತಿದ್ದಳು. ಇನ್ನೂ ನೋಡುತ್ತಿದ್ದೇನೆ ಎನ್ನುತ್ತಿದ್ದೆ. ಮೂರು ಭಾನುವಾರ ಎರಡೆರಡು ಊಟ ಮಾಡಿದೆ. ಒಂದು ಆಸೆಯಿಂದ, ಒಂದು ಭಯದಿಂದ. ಮೂರನೆಯ ಸಲ ಅವಳು ಒಂದೇ ಕೈಯಲ್ಲಿ ನನಗೆ ನೀರು ತಂದಿಡುವುದನ್ನು ನೋಡಿದಾಗ ಕೈಯ ತುತ್ತನ್ನು ತಟ್ಟೆಗೇ ಇಟ್ಟೆ. "ಸಿಕ್ತು ಕಣೇ, ನರಸೀಪುರದಲ್ಲಿ. ಮುಂದಿನ ವಾರ ಹೋಗೋಣ" ಎಂದೆ. ಅವಳ ಮುಖ ಅರಳಿತು. "ಪಾಪ, ಎಷ್ಟು ಅಲೆದ್ರೋ" ಎಂದಳು.

ಆ ಭಾನುವಾರ ಅವಳು ಹಸಿರು ರೇಷ್ಮೆ ಸೀರೆ ಉಡಬೇಕೆಂದಳು. ಒಂದು ಕೈಯವಳಿಗೆ ನೆರಿಗೆ ಹಿಡಿದುಕೊಟ್ಟವನು ನಾನು. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಬ್ಬಿನ ಗದ್ದೆಗಳನ್ನು ನೋಡುತ್ತಾ ಬಂದಳು. ನಾನು ಮಾತ್ರ ದಾರಿಯುದ್ದಕ್ಕೂ ದೇವೀರಮ್ಮನಿಗೆ ಇಂದು ಒಂದು ದಿನದ ಮಟ್ಟಿಗೆ ಮರೆವು ಬರಲಿ ಎಂದು ನಂಜುಂಡೇಶ್ವರನನ್ನು ಬೇಡಿಕೊಳ್ಳುತ್ತಿದ್ದೆ.

"ಬನ್ನಿ ಸಾ, ಬನ್ನಿ!" ಬಾಗಿಲಲ್ಲೇ ಸ್ವಾಗತವಾಯಿತು. "ಇವತ್ಯಾಕೆ ಇಷ್ಟೊತ್ತು? ನಿಮ್ಗೇ ಅಂತ ತಲೆ ತುಂಡು ಎತ್ತಿ ಮಡಗಿವ್ನಿ. ಅದೇ ನಿಮ್ ಜಾಗ, ಫ್ಯಾನ್ ಕೆಳಕ್ಕೆ ಕುಂತ್ಕಳಿ." ಆಮೇಲೆ ನಾಗರತ್ನಳ ಕಡೆ ತಿರುಗಿ, "ಅಯ್ಯೋ ನಮ್ಮವ್ವ, ನೀವೇನಾ! ಗಂಜಿ ಕುಡ್ಕಂಡಿದ್ರಂತೆ, ಮೀನು ತಿನ್ಬೋದು ಅಂದವ್ರಾ ಡಾಕ್ಟ್ರು?"

ಹೋಟೆಲಿನಲ್ಲಿದ್ದವರೆಲ್ಲ ಉಣ್ಣುವುದನ್ನು ನಿಲ್ಲಿಸಿದರು ಎಂದು ನನಗನ್ನಿಸಿತು. ನಿಲ್ಲಿಸಿರಲಿಲ್ಲ, ಆ ಸಾರಿನ ಮುಂದೆ ಯಾರೂ ನಿಲ್ಲಿಸುವುದಿಲ್ಲ. ನಾಗರತ್ನ ನನ್ನನ್ನು ನೋಡಿದಳು. ಫ್ಯಾನಿನ ಕೆಳಗಿನ ಕುರ್ಚಿಯನ್ನು ನೋಡಿದಳು. ನನ್ನ ಹೊಟ್ಟೆಯನ್ನು ನೋಡಿದಳು. ಆಮೇಲೆ ಆ ಕುರ್ಚಿಯಲ್ಲಿ ತಾನೇ ಕೂತು, ಶಾಂತವಾಗಿ, "ಗಂಜಿ ಅಲ್ಲ ಕಣಮ್ಮ, ಇವ್ರು ಮಾಡಿದ ಸಾರು. ಆದ್ರೂ ಸರಿಯಾಗೇ ಹೇಳಿದ್ದಾರೆ ಬಿಡಿ" ಎಂದಳು.

ದೇವೀರಮ್ಮ ಒಂದು ಕ್ಷಣ ಇಬ್ಬರನ್ನೂ ನೋಡಿದರು. ಮನೆ ನಡೆಸಿದ ಹೆಂಗಸು, ಅವರಿಗೆ ಹೆಚ್ಚಿಗೆ ಹೇಳಬೇಕಾಗಿರಲಿಲ್ಲ. "ಎಷ್ಟು ವಾರದಿಂದ ಬರ್ತಿದ್ದಾರೆ?" ಎಂದಳು ನಾಗರತ್ನ. "ಮೂರು ವಾರ ಆಯ್ತವ್ವ." ತಲೆ ತುಂಡು ನಾಗರತ್ನಳ ಎಲೆಗೆ ಹೋಯಿತು. ದೇವೀರಮ್ಮ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, ಮುಳ್ಳು ಬಿಡಿಸಿ ಬಿಡಿಸಿ ಎಲೆಯ ಅಂಚಿಗೆ ಇಡತೊಡಗಿದರು. "ಉಣ್ಣವ್ವ. ಇನ್ನೊಂಚೂರ್ ಬುಡ್ಲಾ?" ನಾಗರತ್ನ ಹೂಂ ಎಂದಳು. ಮತ್ತೆ ಕೇಳಿದರು, ಮತ್ತೆ ಹೂಂ ಎಂದಳು. ಮೂರನೆಯ ಸಲ ಕೇಳಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು "ಖಾರ" ಎಂದಳು. ನನ್ನ ಎಲೆಯ ಬಳಿ ದೇವೀರಮ್ಮ ಬಂದಾಗ ನಾಗರತ್ನ ತಲೆ ಎತ್ತದೆಯೇ, "ಅವ್ರಿಗೆ ಅನ್ನ ಮಜ್ಜಿಗೆ ಸಾಕು" ಎಂದಳು. ಅನ್ನ ಮಜ್ಜಿಗೆ ಬಂತು. ಯಾರೂ ಇನ್ನೊಂಚೂರು ಎಂದು ಕೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿದೆಯೆಂದು ಧೈರ್ಯ ಮಾಡಿ, ಮೆಲ್ಲಗೆ, "ತಪ್ಪಾಯ್ತು ಕಣೇ" ಎಂದೆ.

ಕಣ್ಣು ತೆರೆಯದೆ ಕೇಳಿದಳು: "ಯಾವುದು? ಬೀಳಿಸಿದ್ದಾ, ತಿಂದಿದ್ದಾ?"

"ಎರಡೂ."

"ಬೀಳಿಸಿದ್ದು ಬಿಡಿ. ಹಂಪು ಕಾಣ್ಲಿಲ್ಲ, ಅದಕ್ಕೆ ನೀವೇನು ಮಾಡ್ತೀರಿ" ಎಂದಳು. "ತಿಂದಿದ್ದು ಮಾತ್ರ..."

ಅಷ್ಟರಲ್ಲಿ ಯಾವುದೋ ಊರು ಬಂತು, ಬಸ್ಸು ನಿಂತಿತು, ಜನ ಹತ್ತಿದರು, ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಈಗ ಪ್ಲಾಸ್ಟರ್ ಬಿಚ್ಚಿ ನಾಲ್ಕು ತಿಂಗಳಾಯಿತು. ಕೈ ಸರಿಯಾಗಿದೆ, ಅಡಿಗೆಮನೆ ಮತ್ತೆ ಅವಳದಾಗಿದೆ, ಎಲ್ಲ ಮೊದಲಿನಂತೆಯೇ ಇದೆ. ಆ ವಾಕ್ಯ ಮಾತ್ರ ಇನ್ನೂ ಪೂರ್ತಿಯಾಗಿಲ್ಲ. ಪ್ರತಿದಿನ ಊಟಕ್ಕೆ ಕೂತಾಗ, ಇವತ್ತು ಪೂರ್ತಿ ಮಾಡುತ್ತಾಳೇನೋ ಎಂದು ತಲೆ ತಗ್ಗಿಸಿ ಕಾಯುತ್ತೇನೆ.