ಹನ್ನೊಂದು ಸುತ್ತು, ಒಂದು ದೊನ್ನೆ

ಮನುಷ್ಯ ಒಂದು ಒಳ್ಳೆಯ ಕೆಲಸಕ್ಕೆ ಹೊರಟರೆ ಅಡ್ಡ ಬರುವವರೆಲ್ಲ ಒಳ್ಳೆಯವರೇ ಆಗಿರುತ್ತಾರೆ. ಬನಶಂಕರಿಯ ನಮ್ಮ ಬೀದಿಯಲ್ಲಂತೂ ಇದು ತಪ್ಪಿದ್ದಲ್ಲ.

ನನಗೆ ಸಕ್ಕರೆ ಕಾಯಿಲೆ. ಡಾಕ್ಟರಮ್ಮ ಹೇಳಿದರು: “ಓಡೋದೇನೂ ಬೇಡ. ಊಟ ಆದ್ಮೇಲೆ ಕಾಲು ಗಂಟೆ ನಿಧಾನಕ್ಕೆ ನಡೀರಿ, ಉಂಡಿದ್ದನ್ನ ಕಾಲೇ ಖರ್ಚು ಮಾಡುತ್ತೆ. ಮೂರು ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಸೂಜಿ.”

ಸೂಜಿ ಎಂದರೆ, ಹಳ್ಳಿ ಶಾಲೆಗೆ ಲಸಿಕೆಯವರು ಬಂದಾಗ ಕಿಟಕಿ ಹಾರಿದವನು ನಾನು. ಆ ಭಯದಲ್ಲೇ ನಡಿಗೆ ಶುರುವಾಯಿತು.

ಚೀಲ

ನಮ್ಮ ಹಳ್ಳಿಯಲ್ಲಿ ಕೆಲಸವಿಲ್ಲದೆ ಬೀದಿಯಲ್ಲಿ ಅಡ್ಡಾಡಿದರೆ “ಏನಯ್ಯಾ, ಮನೇಲಿ ಜಗಳವಾ?” ಎಂದು ಕೇಳುತ್ತಿದ್ದರು. ಆ ನಾಚಿಕೆ ಇನ್ನೂ ಹೋಗಿಲ್ಲ. ಹಾಗಾಗಿ ಕೈಯಲ್ಲೊಂದು ಖಾಲಿ ಚೀಲ ಹಿಡಿದು ಹೊರಟೆ.

“ಅಂಗಡಿ ಕಡೆಗಾ ಅಂಕಲ್? ಒಂದು ಕಟ್ಟು ಕೊತ್ತಂಬರಿ,” ಎಂದರು ಎದುರುಮನೆಯವರು. ಪಕ್ಕದವರು ಎರಡು ತೆಂಗಿನಕಾಯಿ ಹೇಳಿದರು. ಮೂಲೆಮನೆಯವರಿಗೆ ಐದು ಕೆಜಿ ಅಕ್ಕಿಯೇ ಬೇಕಾಗಿತ್ತು.

ಗೇಟಿನಲ್ಲಿ ಹೆಂಡತಿ ಕೇಳಿದಳು: “ನಡೆಯೋಕೆ ಹೋದೋರು ಆಟೋದಲ್ಲಿ ಬಂದ್ರಲ್ಲ!”

“ಇಷ್ಟು ಹೊತ್ಕೊಂಡು ನಡೆಯೋಕಾಗುತ್ತೇನೇ?”

ಗಡಿಯಾರ

ಅಳಿಯಂದಿರು ಹೆಜ್ಜೆ ಎಣಿಸುವ ಕೈಗಡಿಯಾರ ಕೊಡಿಸಿದರು; ಅದರ ಲೆಕ್ಕ ಅವರ ಫೋನಿಗೂ ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ನೋಡಿದರೆ ನಾನೂರು ಹೆಜ್ಜೆ! ಮಣೆ ಬಿಟ್ಟು ಎದ್ದೇ ಇರಲಿಲ್ಲ. ಗಂಟೆ ಆಡಿಸಿದ್ದನ್ನೆಲ್ಲ ಅದು ನಡಿಗೆ ಎಂದು ಬರೆದುಕೊಂಡಿತ್ತು. ದೈವಕೃಪೆ ಎಂದುಕೊಂಡು ವಾರವಿಡೀ ಎರಡೆರಡು ಸಲ ಮಂಗಳಾರತಿ ಎತ್ತಿದೆ.

ಅಳಿಯಂದಿರ ಫೋನು ಬಂತು. “ಸಖತ್ ಮಾವ! ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತೀರಿ?”

ಹೆಂಡತಿ ಫೋನು ಕಸಿದುಕೊಂಡಳು. “ಎಲ್ಲೂ ಇಲ್ಲಪ್ಪ. ದೇವರ ಮುಂದೆ ಕೂತ್ಕೊಂಡೇ ಮೆಜೆಸ್ಟಿಕ್ ಮುಟ್ಟಿ ಬರ್ತಾರೆ.”

ಸುತ್ತು

ಕೊನೆಗೆ ಅವಳೇ ದಾರಿ ತೋರಿಸಿದಳು. “ಚೀಲ ಬೇಡ, ಗಡಿಯಾರ ಬೇಡ. ಸಂಜೆ ಬೇಗ ಉಂಡು ಆಂಜನೇಯನ ಗುಡೀಲಿ ಹನ್ನೊಂದು ಪ್ರದಕ್ಷಿಣೆ ಹಾಕಿ.”

ಪುಣ್ಯಕ್ಕೆ ಪುಣ್ಯ, ನಡಿಗೆಗೆ ನಡಿಗೆ. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಸುತ್ತು ಮುಗಿದೊಡನೆ ಅರ್ಚಕರು ಸಿಹಿ ಪೊಂಗಲ್ ಕೊಡುತ್ತಿದ್ದರು. ಬೇರೆಯವರಿಗೆ ಒಂದು ಚಮಚ, ನನಗೆ ಒಂದು ದೊನ್ನೆ. ಹನುಮಂತ ನನ್ನ ಭಕ್ತಿಗೆ ಮೆಚ್ಚಿದ ಎಂದು ಕಣ್ಣಿಗೊತ್ತಿಕೊಂಡು ತಿಂದೆ. ಪ್ರಸಾದ ಬೇಡ ಎನ್ನುವುದುಂಟೆ?

ರಕ್ತಪರೀಕ್ಷೆ ಆಯಿತು. ಸಕ್ಕರೆ ಏರಿತ್ತು.

“ನಡೀತಿದ್ದೀರಾ ಯಜಮಾನ್ರೇ?” ಎಂದರು ಡಾಕ್ಟರಮ್ಮ.

“ದಿನಾ, ತಾಯಿ.”

“ನಡೆದ ಮೇಲೆ?”

ನಾನು ಗೋಡೆ ನೋಡಿದೆ. ಹೆಂಡತಿ ನನ್ನನ್ನು ನೋಡಿದಳು. ಪೊಂಗಲ್ ವಿಷಯ ಹೊರಬಿತ್ತು.

“ಇನ್ನು ಮೂರೇ ತಿಂಗಳು. ಆಮೇಲೆ ಸೂಜಿನೇ.”

ಆ ಸೂಜಿ ತಪ್ಪಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವತ್ತು ಸಂಜೆ ಅರ್ಚಕರ ಮುಂದೆ ಕೈಮುಗಿದು ನಿಂತಾಗ ನನಗೆ ಅಳುವೇ ಬಂದಿತ್ತು.

“ಸ್ವಾಮಿ, ಅಪಚಾರ ಅನ್ಕೋಬೇಡಿ. ನನಗೆ ಶುಗರ್. ಇನ್ಮೇಲೆ ತೀರ್ಥ, ತುಳಸಿ ಸಾಕು.”

ಅರ್ಚಕರು ಕೈಯಲ್ಲಿದ್ದ ದೊನ್ನೆ ನೋಡಿದರು. ನನ್ನನ್ನು ನೋಡಿದರು. ಮುಖ ಬಾಡಿಹೋಯಿತು.

“ಅಯ್ಯೋ, ನಂಗೂ ಶುಗರ್ ರೀ! ಮನೇಲಿ ಮುಟ್ಟೋಕೆ ಬಿಡಲ್ಲ, ಪ್ರಸಾದ ಚೆಲ್ಲೋ ಹಾಗಿಲ್ಲ. ನೀವು ಅಷ್ಟೊಂದು ಸುತ್ತು ಹಾಕ್ತೀರಲ್ಲ, ಕರಗಿಸ್ಕೋತೀರಿ ಅಂತ ನನ್ನ ಪಾಲೂ ನಿಮಗೇ ಕೊಡ್ತಿದ್ದೆ!”